ಎರಡು 249

ಮೈಲಣ್ಣ ತೀರಿಕೊಂಡ. ಗುರುವಾರ ಸಂಜೆ ಐದೂವರೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನು ಹಾಗೆಯೇ ಹೋಗಿಬಿಟ್ಟಿದ್ದ. ಅವನು ಇಳಿಯುವ ಸ್ಟಾಪು ಬಂದಾಗ ಕಂಡಕ್ಟರು ಎರಡು ಸಲ ಕೂಗಿದ, ಮೂರನೆಯ ಸಲ ಹೆಗಲು ಹಿಡಿದು ಅಲುಗಿಸಿದ. ಹೃದಯ ನಿಂತಿದೆ ಎಂದು ಆಸ್ಪತ್ರೆಯಲ್ಲಿ ಬರೆದರು. ವಯಸ್ಸು ಐವತ್ತಾರು ಎಂದು ಬರೆದರು. ಉದ್ಯೋಗ ಏನೆಂದು ಕೇಳಿದಾಗ ಹೆದ್ದಾರಿ ಕಚೇರಿಯ ಗುಮಾಸ್ತ, ಅವನ ಗೆಳೆಯ, "ಕಿಲೋಮೀಟರ್ ಕಲ್ಲಿಗೆ ನಂಬರ್ ಬರೆಯೋದು" ಎಂದ. ಅವರು "ಪೇಂಟರ್" ಎಂದು ಬರೆದುಕೊಂಡರು.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಪಂಕ್ಚರ್ ಅಂಗಡಿಯವರಿಂದ ಪೆಟ್ರೋಲ್ ಬಂಕಿನವರವರೆಗೆ ಹೆದ್ದಾರಿಯ ಮೇಲೆ ಎಲ್ಲರಿಗೂ ಅವನು ಮೈಲಣ್ಣ. ಮೈಲಿ ಹೋಗಿ ಕಿಲೋಮೀಟರ್ ಬಂದು ಯಾವ ಕಾಲವಾಯಿತೋ, ಹೆಸರು ಮಾತ್ರ ಹಾಗೇ ಅಂಟಿಕೊಂಡಿತ್ತು. ಆ ಹೆದ್ದಾರಿ ರಾಜಧಾನಿಯಿಂದ ಹೊರಟು ದೇಶದ ಗಡಿಯ ಗೇಟಿನ ಮುಂದೆ ನಿಲ್ಲುತ್ತದೆ. ಸೊನ್ನೆಯ ಕಲ್ಲು ರಾಜಧಾನಿಯ ದೊಡ್ಡ ಅಂಚೆ ಕಚೇರಿಯ ಎದುರಿಗಿದೆಯಂತೆ. ಕೊನೆಯ ಕಲ್ಲು ಹೋದ ವರ್ಷದವರೆಗೆ 412, ಅದರಾಚೆ ಮುಳ್ಳುತಂತಿ. ಎರಡನ್ನೂ ಅವನು ಕಣ್ಣಾರೆ ಕಂಡವನಲ್ಲ. ಅವನ ಪಾಲಿಗೆ ಬಂದದ್ದು 231ರಿಂದ 274. "ಆ ತುದೀಲಿ ಮಂತ್ರಿಗಳು, ಈ ತುದೀಲಿ ಬಂದೂಕು, ನಡುವೆ ನಾನು, ನನ್ನ ಬಣ್ಣದ ಡಬ್ಬಿ. ನಾನಿಲ್ದೆ ಇದ್ರೆ ಇವರು ಅವರನ್ನ ಹುಡುಕ್ಕೊಂಡು ಹೋಗೋದು ಹೇಗೆ?" ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷ ದಿನಗೂಲಿಯ ಮೇಲೆಯೇ ಆ ಕೆಲಸ ಮಾಡಿದ. ತಂತಿ ಬ್ರಷ್ಷಿನಿಂದ ಕಲ್ಲನ್ನು ಉಜ್ಜಬೇಕು. ನೀರು ಹಾಕಿ ತೊಳೆದು ಒಣಗಲು ಬಿಡಬೇಕು. ಮೈಗೆ ಬಿಳಿ, ತಲೆಗೆ ಹಳದಿ, ಅದು ಆರಿದ ಮೇಲೆ ಕಪ್ಪಿನಲ್ಲಿ ಸಂಖ್ಯೆ. ಬೇರೆಯವರು ತಗಡಿನ ಅಚ್ಚು ಇಟ್ಟು ಬರೆಯುತ್ತಿದ್ದರು. ಅವನು ಕೈಯಲ್ಲೇ ಬರೆಯುತ್ತಿದ್ದ, ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ರಸ್ತೆಗೆ ಬೆನ್ನು ಹಾಕಿ. ಬೆನ್ನ ಹಿಂದೆ ಹೋಗುವ ಲಾರಿ ತುಂಬಿದೆಯೋ ಖಾಲಿಯೋ ಎಂಬುದನ್ನು ತಿರುಗಿ ನೋಡದೆ ಹೇಳುತ್ತಿದ್ದ. ಗಡಿಯ ಕಡೆ ಹೋಗುವವು ತುಂಬಿರುತ್ತಿದ್ದವು, ಬರುವವು ಗಡಗಡ ಸದ್ದು ಮಾಡುತ್ತಿದ್ದವು. ಒಂದೊಂದು ತಿಂಗಳು ಮಿಲಿಟರಿ ಗಾಡಿಗಳ ಸಾಲು ಹೊರಟರೆ ಮಧ್ಯಾಹ್ನದವರೆಗೂ ಮುಗಿಯುತ್ತಿರಲಿಲ್ಲ. ಆಗ ಧೂಳು ಹಸಿ ಬಣ್ಣಕ್ಕೆ ಹಿಡಿದು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತಿತ್ತು. ಬೈಯುತ್ತಿರಲಿಲ್ಲ. ಮತ್ತೆ ಉಜ್ಜುತ್ತಿದ್ದ.

ಅವನ ಜೊತೆಗಿದ್ದವಳು ಕುಡುಗೋಲಕ್ಕ. ಕಲ್ಲಿನ ಸುತ್ತ ಬೆಳೆದ ಹುಲ್ಲು, ಮುಳ್ಳು ಸವರುವುದು ಅವಳ ಕೆಲಸ. ಅರವತ್ತು ದಾಟಿದ ಹೆಂಗಸು, ಬಾಯಿ ಕುಡುಗೋಲಿಗಿಂತ ಹರಿತ. "ನಿನ್ನ ಕಲ್ಲಿಗೆ ನಾನು ಕ್ಷೌರ ಮಾಡಿದ ಮೇಲಲ್ವಾ ನೀನು ಪೌಡರ್ ಹಚ್ಚೋದು" ಎಂದು ಅವನನ್ನು ಕಾಡುತ್ತಿದ್ದಳು.

ಹೋದ ವರ್ಷ ನಡುವಿನ ಪಟ್ಟಣವನ್ನು ಬಳಸಿ ಬೈಪಾಸ್ ರಸ್ತೆ ತೆರೆದರು. ದಾರಿ ಮೂರು ಕಿಲೋಮೀಟರ್ ಕಡಿಮೆಯಾಯಿತು. ಎಣಿಕೆ ರಾಜಧಾನಿಯಿಂದ ಬರುವುದರಿಂದ ಬೈಪಾಸಿನ ಆಚೆಯ ಕಲ್ಲುಗಳೆಲ್ಲ ಬದಲಾಗಬೇಕಾಯಿತು. 240 ಇದ್ದದ್ದು 237, 241 ಇದ್ದದ್ದು 238, ಹೀಗೆ ಅವನ ಕೊನೆಯ ಕಲ್ಲು 274ರವರೆಗೆ. ಒಟ್ಟು ಮೂವತ್ತೈದು ಕಲ್ಲು. ದಿನಕ್ಕೆ ನಾಲ್ಕರಂತೆ ಒಂಬತ್ತು ದಿನದ ಕೆಲಸ. ಇಂಜಿನಿಯರ್ ಸಾಹೇಬರು ಆದೇಶದಲ್ಲಿ ಒಂದು ಮಾತನ್ನು ಒತ್ತಿ ಬರೆಸಿದ್ದರು: ಬೈಪಾಸಿನ ಕಡೆಯಿಂದಲೇ ಶುರು ಮಾಡತಕ್ಕದ್ದು.

ಅದು ಸುಮ್ಮನೆ ಬರೆದ ಮಾತಲ್ಲ. ಬೈಪಾಸಿನ ಕಡೆಯಿಂದ ಬರೆಯುತ್ತಾ ಬಂದರೆ ಯಾವ ಸಂಖ್ಯೆಯೂ ರಸ್ತೆಯ ಮೇಲೆ ಎರಡು ಸಲ ಬರುವುದಿಲ್ಲ. ಗಡಿಯ ಕಡೆಯಿಂದ ಶುರು ಮಾಡಿದರೆ 274ನ್ನು ಅಳಿಸಿ 271 ಎಂದು ಬರೆದ ಗಳಿಗೆಯಲ್ಲೇ, ಮೂರು ಕಿಲೋಮೀಟರ್ ಈಚೆಗೆ ಹಳೆಯ 271 ಇನ್ನೂ ನಿಂತಿರುತ್ತದೆ. ಕೆಲಸ ಸಾಗಿದಂತೆ ಜೋಡಿಗಳೂ ಜೊತೆಯಲ್ಲೇ ಸಾಗುತ್ತವೆ. ಎಲ್ಲ ಮುಗಿಯುವವರೆಗೂ ಯಾವುದಾದರೂ ಮೂರು ಸಂಖ್ಯೆ ಎರಡೆರಡು ಕಡೆ ಇದ್ದೇ ಇರುತ್ತವೆ. ಇದು ಮೈಲಣ್ಣನಿಗೆ ಸಾಹೇಬರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನಿಗೆ ಬ್ರಷ್ಷು ಹಿಡಿಯುವುದನ್ನು ಕಲಿಸಿದ ಮುದುಕ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದ ಪಾಠ ಅದು.

ಆದರೂ ಅವನು ಗಡಿಯ ಕಡೆಯಿಂದ ಶುರು ಮಾಡಿದ. ಅವನ ಮನೆ ಇದ್ದದ್ದು ಆ ತುದಿಯಲ್ಲಿ, 274ರ ಹತ್ತಿರ, ಹಳೇ ಟೈರುಗಳ ಅಂಗಡಿಯ ಹಿಂದಿನ ಓಣಿಯಲ್ಲಿ. ಹೆಂಡತಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಮಾಡಿಸಿಕೊಂಡು, ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಹಾಸಿಗೆಯಿಂದ ತಾನಾಗಿ ಏಳುವಂತಿರಲಿಲ್ಲ. ಮಕ್ಕಳಿಲ್ಲ. ಪಕ್ಕದ ಮನೆಯವರನ್ನು ನೀರು ಕೇಳಬಹುದು, ಊಟ ಕೇಳಬಹುದು, ಬಚ್ಚಲಿಗೆ ಕರೆದುಕೊಂಡು ಹೋಗಿ ಎಂದು ಕೇಳುವುದು ಅವಳಿಂದಾಗುತ್ತಿರಲಿಲ್ಲ. ಮನೆಯ ಕಡೆಯಿಂದ ಶುರು ಮಾಡಿದರೆ ಮೊದಲ ಕೆಲವು ದಿನ ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದು ಹೋಗಬಹುದಿತ್ತು. ಅಷ್ಟರಲ್ಲಿ ಅವಳು ಗೋಡೆ ಹಿಡಿದು ನಡೆಯುವಂತಾಗುತ್ತಾಳೆ ಎಂಬುದು ಅವನ ಎಣಿಕೆ.

"ಬೈಪಾಸ್ ಕಡೆಯಿಂದ ಅಂತಲ್ವೇನಪ್ಪ ಸಾಹೇಬ್ರು ಹೇಳಿದ್ದು?" ಎಂದಳು ಕುಡುಗೋಲಕ್ಕ, ಮೊದಲ ದಿನವೇ.

"ಒಂಬತ್ತು ದಿನದ ಮಾತು ಅಕ್ಕ. ಕೊನೆಗೆ ಎಲ್ಲಾ ಒಂದೇ ಆಗತ್ತೆ."

"ಅಲ್ಲೀವರೆಗೂ ಒಂದೇ ಹೆಸರಿನ ಇಬ್ರು ಅಳಿಯಂದಿರನ್ನ ರಸ್ತೇಲಿ ಓಡಾಡಿಸ್ತೀಯ. ಕರೆದ್ರೆ ಯಾವನು ಬರ್ತಾನೋ."

"ಊಟಕ್ಕೆ ಕರೀ, ಇಬ್ರೂ ಬರ್ತಾರೆ."

ಅವಳು ನಕ್ಕಳು. ಅವನೂ ನಕ್ಕ. ಪ್ರತಿ ಸಂಜೆ ಕೆಲಸದ ಪುಸ್ತಕದಲ್ಲಿ ಮಾತ್ರ ಆದೇಶದಲ್ಲಿದ್ದಂತೆಯೇ ಬರೆದ: ಮೊದಲ ದಿನ 240ರಿಂದ 243, ಎರಡನೆಯ ದಿನ 244ರಿಂದ 247, ಮೂರನೆಯ ದಿನ 248ರಿಂದ 251. ಸಾಹೇಬರು ರಸ್ತೆಗೆ ಬಂದು ನೋಡುವವರಲ್ಲ, ಪುಸ್ತಕ ನೋಡುವವರು.

ಆರನೆಯ ದಿನ ಸಂಜೆ, ಅವನು ಮನೆಗೆ ಹೊರಟು ಅರ್ಧ ಗಂಟೆಯಾಗಿರಬಹುದು, ಸ್ಕೂಟರಿನಲ್ಲಿ ಹೋಗುತ್ತಿದ್ದ ಗಂಡ ಹೆಂಡತಿಗೆ ಯಾವುದೋ ಗಾಡಿ ತಾಗಿಸಿಕೊಂಡು ನಿಲ್ಲದೆ ಹೋಯಿತು. ಹೆಂಡತಿಗೆ ಮೊಣಕೈ ತರಚಿತ್ತು, ಅಷ್ಟೇ. ಗಂಡ ಏಳಲಿಲ್ಲ. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಎಲ್ಲಿದ್ದೀರಿ ಎಂದು ಕೇಳಿದರು. ಪಕ್ಕದಲ್ಲೇ ಕಲ್ಲಿತ್ತು. ನೋಡಿ ಹೇಳಿದಳು: 249.

ಆಂಬುಲೆನ್ಸ್ ಗಡಿಯ ಕಡೆಯ ಆಸ್ಪತ್ರೆಯಿಂದ ಹೊರಟಿತು. ಆ ಕಡೆಯಿಂದ ಬರುವವರಿಗೆ ಮೊದಲು ಸಿಗುವ 249 ಮೈಲಣ್ಣ ಅಂದೇ ಹೊಸದಾಗಿ ಬರೆದದ್ದು, ಹಳೆಯ 252. ಅಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಕಿಲೋಮೀಟರ್ ಮುಂದೆ ಹೋದರು. ಅಂದು ಮಧ್ಯಾಹ್ನ ಬರೆದ 248 ಕಾಣಿಸಿತು. ದಾಟಿಬಿಟ್ಟೆವು ಎಂದು ಹಿಂದಕ್ಕೆ ತಿರುಗಿದರು. ಫೋನ್ ಮಾಡಿದರು. ಆ ಕರೆಯ ದಾಖಲೆ ಇದೆ.

"ಅಮ್ಮ, ನಾವು 249ರಲ್ಲೇ ಇದೀವಿ. ನೀವು ಕಾಣ್ತಾ ಇಲ್ಲ."

"ನಾನೂ 249ರಲ್ಲೇ ಇದೀನಿ ಅಣ್ಣ. ಕಲ್ಲಿಗೆ ಒರಗಿಕೊಂಡೇ ಕೂತಿದೀನಿ."

"ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳಿ."

"ಎರಡು, ನಾಲ್ಕು, ಒಂಬತ್ತು. ಬೇಗ ಬನ್ನಿ ಅಣ್ಣ, ಇವರು ಮಾತಾಡ್ತಾ ಇಲ್ಲ."

ಅವರು ಬಂದು ತಲುಪುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಕಾಲು ಗಂಟೆ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಅವಳ ಎದುರಿನಲ್ಲೇ ಹೇಳಿದರು.

ಮಾರನೆಯ ಬೆಳಿಗ್ಗೆ ಮೈಲಣ್ಣ ಹಳೆಯ 249ರ ಬಳಿಗೆ ಬಂದಾಗ ರಸ್ತೆಯ ಅಂಚಿನಲ್ಲಿ ಗಾಜಿನ ಚೂರು ಬಿದ್ದಿದ್ದವು. ಕುಡುಗೋಲಕ್ಕ ಬಸ್ಸಿನಲ್ಲಿ ಬರುವಾಗಲೇ ಎಲ್ಲ ಕೇಳಿಕೊಂಡು ಬಂದಿದ್ದಳು. ಆಂಬುಲೆನ್ಸಿನವರು ಆ ಕಡೆ ಈ ಕಡೆ ಸುತ್ತಿದ್ದು, ಜಾಗ ಸಿಗದೆ ಹೋದದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಕಲ್ಲಿನ ಕಡೆ ನೋಡಿ ಸುಮ್ಮನಾದಳು. ಅವಳು ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಅವನು ಕೂತು ಕಲ್ಲನ್ನು ಉಜ್ಜಿದ. ತೊಳೆದ. ಬಿಳಿ ಹಚ್ಚಿದ. ಆರಿದ ಮೇಲೆ 246 ಎಂದು ಬರೆದ. ಆಮೇಲೆ ಗೆಳೆಯನ ಹತ್ತಿರ ಹೇಳಿದ್ದು ಇಷ್ಟೇ: "ಕೈ ನಿಲ್ಲಲಿಲ್ಲ ಕಣೋ. ನಾಲ್ಕು ಕಲ್ಲು ಆಗಬೇಕಿತ್ತು ಅವತ್ತು, ನಾಲ್ಕೂ ಮುಗಿಸಿದೆ."

ವಿಚಾರಣೆ ನಡೆದದ್ದು ಒಂದೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಕಲ್ಲುಗಳೆಲ್ಲ ಹೊಸ ಸಂಖ್ಯೆ ಹೊತ್ತು ಸಾಲಾಗಿ ನಿಂತಿದ್ದವು. ಅಪಘಾತವಾದ ಜಾಗದ ಕಲ್ಲು 246. ಕೆಲಸದ ಪುಸ್ತಕದ ಪ್ರಕಾರ ಅದು 246 ಆದದ್ದು ಮೂರನೆಯ ದಿನ, ಅಂದರೆ ಅಪಘಾತಕ್ಕೂ ಮೂರು ದಿನ ಮೊದಲು. ಅವಳು ಹೇಳಿದ್ದು 249. ಆಂಬುಲೆನ್ಸಿನವರು ಹೋಗಿದ್ದೂ 249ಕ್ಕೆ. ಎಲ್ಲ ಸರಿಯಾಗಿತ್ತು, ಅವಳೊಬ್ಬಳನ್ನು ಬಿಟ್ಟು. ಸಾಹೇಬರು ಮೈಲಣ್ಣನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ಆ ದಿನ ಆ ಕಲ್ಲಿನ ಮೇಲೆ ಏನಿತ್ತಯ್ಯ?"

"ಪುಸ್ತಕದಲ್ಲಿ ಬರೆದಿದೀನಲ್ಲ ಸಾರ್" ಎಂದ ಅವನು.

ಹುಲ್ಲು ಕೊಯ್ಯುವವಳನ್ನು ಯಾರೂ ಕರೆಸಲಿಲ್ಲ. "ಬಿದ್ದು ಗಾಬರಿಯಾಗಿದ್ದವಳು, ತಲೆಕೆಳಗಾಗಿ ನೋಡಿರಬೇಕು, ಆರು ಒಂಬತ್ತಾಗಿ ಕಂಡಿರುತ್ತೆ" ಎಂದರು ಸಾಹೇಬರು. ತಲೆಕೆಳಗಾಗಿ ನೋಡಿದವಳಿಗೆ ಎರಡು, ನಾಲ್ಕು ಹೇಗೆ ನೆಟ್ಟಗೆ ಕಂಡವು ಎಂದು ಯಾರೂ ಕೇಳಲಿಲ್ಲ. ಗುಮಾಸ್ತನೂ ಕೇಳಲಿಲ್ಲ. "ಕರೆ ಮಾಡಿದವರು ಸಂಖ್ಯೆಯನ್ನು ತಪ್ಪಾಗಿ ಓದಿರುವುದು ಕಂಡುಬರುತ್ತದೆ" ಎಂಬ ವಾಕ್ಯವನ್ನು ಟೈಪ್ ಮಾಡಿದವನು ಅವನೇ. ಒಂದು ಪ್ರತಿ ಅವಳ ಮನೆಗೆ ಹೋಯಿತು.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಒಂದು ದಿನ ಮಧ್ಯಾಹ್ನ, ಮೈಲಣ್ಣ ಸೈಕಲ್ಲು ತುಳಿದುಕೊಂಡು ಬರುವಾಗ 246ರ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು. ಕೈಚೀಲವನ್ನು ನೆಲದ ಮೇಲಿಟ್ಟು, ಸೊಂಟ ಬಗ್ಗಿಸಿ, ತಲೆಯನ್ನು ಓರೆ ಮಾಡಿ ಕಲ್ಲನ್ನು ನೋಡುತ್ತಿದ್ದಳು. ಇನ್ನಷ್ಟು ಬಗ್ಗಿದಳು. ಕೂದಲು ಮಣ್ಣಿಗೆ ತಾಗುವವರೆಗೆ ಬಗ್ಗಿ ಕೆಳಗಿನಿಂದ ನೋಡಿದಳು. ಅವನು ಸೈಕಲ್ಲಿನಿಂದ ಇಳಿದ. ಇಳಿಯಬಾರದಿತ್ತು, ಹಾಗೇ ದಾಟಿ ಹೋಗಬಹುದಿತ್ತು ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡನೋ.

ಅವಳು ಸೈಕಲ್ಲಿಗೆ ತೂಗುಹಾಕಿದ್ದ ಬಣ್ಣದ ಡಬ್ಬಿ ನೋಡಿದಳು.

"ಅಣ್ಣ, ಇದು ಮೊದಲಿಂದಲೂ ಆರೇನಾ?"

"ಯಾಕಮ್ಮ?"

"ನಂಗೆ ಒಂಬತ್ತು ಅಂತ ನೆನಪು. ಹೇಗೆ ನೋಡಿದ್ರೂ ಈಗ ಒಂಬತ್ತು ಕಾಣ್ತಿಲ್ಲ. ನಮ್ಮತ್ತೆ ದಿನಾ ಕೇಳ್ತಾರೆ, ಹತ್ತನೇ ಕ್ಲಾಸ್ ಓದಿದವಳಿಗೆ ಒಂದು ಅಂಕಿ ಓದಕ್ಕೆ ಬರಲಿಲ್ವಾ, ನನ್ನ ಮಗನ್ನ ಕೊಂದ್ಯಲ್ಲಾ ಅಂತ." ಅವಳು ಅಳುತ್ತಿರಲಿಲ್ಲ. ವಿಳಾಸ ಕೇಳುವವರ ಹಾಗೆ ಕೇಳುತ್ತಿದ್ದಳು. "ನೀವು ಈ ರಸ್ತೇಲೇ ಕೆಲಸ ಮಾಡೋರಲ್ವಾ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

"ನಂಗೊತ್ತಿಲ್ಲಮ್ಮ. ನಾನು ಬಣ್ಣ ಹಚ್ಚೋನು, ಅಷ್ಟೇ."

ಅವಳು ಚೀಲ ಎತ್ತಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಅವನು ಸೈಕಲ್ಲು ಹಿಡಿದುಕೊಂಡು ಅಲ್ಲೇ ನಿಂತ. ಎಷ್ಟು ಹೊತ್ತು ನಿಂತನೆಂದು ಅವನಿಗೇ ತಿಳಿಯಲಿಲ್ಲ.

ಅಂದಿನಿಂದ ಮೈಲಣ್ಣ ಮೈಲಣ್ಣನಾಗಿ ಉಳಿಯಲಿಲ್ಲ. ತಮಾಷೆ ನಿಂತಿತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿದ್ದ. ಡಾಕ್ಟರು ಮಾತ್ರೆ ಕೊಟ್ಟು, ಬಿಸಿಲಿನಲ್ಲಿ ಕೂರಬೇಡ ಎಂದರು. ಕಿಲೋಮೀಟರ್ ಕಲ್ಲುಗಳಿಗೆ ನೆರಳೆಲ್ಲಿಂದ ಬರಬೇಕು. ಹೆಂಡತಿ ಅಷ್ಟರಲ್ಲಿ ಕೋಲು ಹಿಡಿದು ನಡೆಯುತ್ತಿದ್ದಳು. ರಾತ್ರಿ ಯಾಕೆ ನಿದ್ದೆಯಿಲ್ಲ ಎಂದು ಅವಳು ಕೇಳಿದರೆ ಸೊಳ್ಳೆ ಎನ್ನುತ್ತಿದ್ದ. ಅವಳಿಗೆ ಹೇಳುವಂತಿರಲಿಲ್ಲ. ಹೇಳಿದರೆ, ಮಧ್ಯಾಹ್ನ ನನಗಾಗಿ ಬಂದು ಹೋದದ್ದರಿಂದಲೇ ಒಬ್ಬನ ಜೀವ ಹೋಯಿತು ಎಂದು ಅವಳು ಹಾಸಿಗೆ ಹಿಡಿಯುತ್ತಿದ್ದಳು. ಒಬ್ಬ ಹೆಂಗಸಿನ ತಲೆಯ ಮೇಲಿನ ಹೊರೆಯನ್ನು ಇಳಿಸಿ ಇನ್ನೊಬ್ಬಳ ತಲೆಗೆ ಹೊರಿಸುವುದು ಅವನಿಗೆ ಬೇಕಿರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಗುಮಾಸ್ತನೇ ಅವನ ಹೆಂಡತಿಗೆ ಎಲ್ಲ ಹೇಳಿದ. "ಮಧ್ಯಾಹ್ನ ಬರಬೇಡಿ, ಹೇಗೋ ನೋಡ್ಕೋತೀನಿ ಅಂತ ಅವತ್ತೇ ಹೇಳಿದ್ದೆ" ಎಂದಳು.

ಗೆಳೆಯನ ಹತ್ತಿರ ಅವನು ಬಾಯಿ ಬಿಟ್ಟದ್ದು ಸಾಯುವ ಹಿಂದಿನ ವಾರ, ಕಚೇರಿಯ ಹಿಂದಿನ ಟೀ ಅಂಗಡಿಯ ಬೆಂಚಿನ ಮೇಲೆ. ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದ. ಕೊನೆಗೆ, "ಆ ಹುಡುಗಿ ಮನೆ ವಿಳಾಸ ಕೊಡು" ಎಂದ.

ಗುಮಾಸ್ತನ ಟೀ ಲೋಟದಲ್ಲಿ ಕೆನೆ ಕಟ್ಟಿತ್ತು. "ಅಲ್ಲ ಕಣೋ, ನಿನ್ನ ಕಾಯಂ ಮಾಡೋ ಫೈಲು ಮೇಲಿನ ಆಫೀಸಿಗೆ ಹೋಗಿದೆ. ಇಪ್ಪತ್ತೆರಡು ವರ್ಷದ ಮೇಲೆ ಹೋಗಿದೆ. ಸುಳ್ಳು ಬರೆದೆ ಅಂತ ಗೊತ್ತಾದ್ರೆ ಕಾಯಂ ಹಾಗಿರಲಿ, ಇರೋ ಕೆಲಸಾನೂ ಹೋಗತ್ತೆ. ಆರು ತಿಂಗಳು ತಡ್ಕೋ. ಆಮೇಲೆ ಹೇಳು."

"ಆರು ತಿಂಗಳು ಅವಳು ಏನ್ ಮಾಡ್ಬೇಕು?"

"ಹೋದವನೇನು ಎದ್ದು ಬರ್ತಾನಾ ನೀನು ಹೇಳಿದ್ರೆ?"

"ಅವನಿಗೆ ಹೇಳಕ್ಕೆ ಹೋಗ್ತಿಲ್ಲ ನಾನು."

ಗುಮಾಸ್ತ ವಿಳಾಸ ಕೊಡಲಿಲ್ಲ. ನೋಡೋಣ ಎಂದ. ನಾಲ್ಕು ದಿನ ಅವನ ಕಣ್ಣಿಗೆ ಬೀಳದಂತೆ ಓಡಾಡಿದ. ಬುಧವಾರ ಸಂಜೆ ಕಚೇರಿಯ ಬಾಗಿಲು ಹಾಕುವಾಗ ಮೈಲಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಏನೂ ಕೇಳಲಿಲ್ಲ, ಸುಮ್ಮನೆ ಕೂತಿದ್ದ. ಗುಮಾಸ್ತ ಮತ್ತೆ ಬೀಗ ತೆಗೆದು ಒಳಗೆ ಹೋಗಿ, ಫೈಲಿನಿಂದ ವಿಳಾಸ ಬರೆದು ತಂದುಕೊಟ್ಟ. "ನನ್ನ ಹೆಸರು ಹೇಳಬೇಡ" ಎಂದ. ಅವನು ಮೈಲಣ್ಣನಿಗೆ ಆಡಿದ ಕೊನೆಯ ಮಾತು ಅದು.

ಗುರುವಾರ ಅವನು ರಜೆ ಹಾಕಿ ಬಸ್ಸು ಹತ್ತಿದ. ಮುಂದಿನದನ್ನು ಆಮೇಲೆ ಹೇಳಿದವಳು ಆ ಹುಡುಗಿಯೇ.

ಅವಳಿದ್ದದ್ದು ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆಗಳಲ್ಲಿ. ಗಿರಣಿ ಓಡುವಾಗ ಪಾತ್ರೆಗಳು ಅದುರುವ ಮನೆ, ಕಿಟಕಿಯ ಸರಳುಗಳ ಮೇಲೆ ಹಿಟ್ಟಿನ ಪುಡಿ. ಅತ್ತೆ ಮಂಚದ ಮೇಲೆ ಕೂತಿದ್ದರು. ಅವಳು ಹೊಲಿಗೆ ಮಿಷನ್ನಿನ ಮುಂದಿದ್ದಳು. ಬಾಗಿಲಲ್ಲಿ ನಿಂತವನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

ಅವನು ಒಳಗೆ ಬಂದು ಕೂರಲಿಲ್ಲ. ನಿಂತೇ ಹೇಳಿದ. ಗಿರಣಿಯ ಸದ್ದಿನಲ್ಲಿ ಮುದುಕಿಗೆ ಕೇಳಿಸಲಿಲ್ಲ. "ಏನಂತೆ ಅದು? ಗಟ್ಟಿಯಾಗಿ ಹೇಳು" ಎಂದರು. ಎರಡನೆಯ ಸಲ ಕೂಗಿ ಹೇಳಬೇಕಾಯಿತು. "ಕಲ್ಲಿನ ಮೇಲೆ 249 ಅಂತಾನೇ ಇತ್ತು. ನಿಮ್ಮ ಸೊಸೆ ಸರಿಯಾಗೇ ಓದಿದ್ದು. ತಪ್ಪು ನಂದು."

ಮುದುಕಿ, "ಯಾವ ಪುರುಷಾರ್ಥಕ್ಕೆ ಈಗ ಬಂದೆಯಪ್ಪ?" ಎಂದರು. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಅವಳು ಮಿಷನ್ನಿನಿಂದ ಏಳಲಿಲ್ಲ. "ಅವತ್ತು ಕಲ್ಲಿನ ಹತ್ರ ಕೇಳಿದ್ನಲ್ಲ. ಅವತ್ತೂ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆ ಕಡೆಯಿಂದ ಯಾಕೆ ಶುರು ಮಾಡಿದ್ರಿ?"

"ಮನೆ ಹತ್ರ ಇತ್ತು" ಎಂದ. ಬೇರೇನೂ ಹೇಳಲಿಲ್ಲ.

"ಮನೆ ಹತ್ರ ಇತ್ತು ಅಂತ" ಎಂದಳು ಅವಳು. ಆಗ ಅವಳಿಗೆ ಕೈಗೆ ಸಿಕ್ಕಿದ್ದನ್ನು ಅವನ ಮೇಲೆ ಎಸೆಯಬೇಕು ಅನ್ನಿಸಿತ್ತಂತೆ. ಕೈಗೆ ಸಿಕ್ಕಿದ್ದು ಕತ್ತರಿ. ಅದನ್ನು ದೂರ ಸರಿಸಿ, ಅರ್ಜಿ ಬರೆಯಲು ಇಟ್ಟುಕೊಂಡಿದ್ದ ಹಾಳೆಯೊಂದನ್ನು ತೆಗೆದು ಮಿಷನ್ನಿನ ಮೇಲೆ ಇಟ್ಟಳು.

"ಬಾಯಲ್ಲಿ ಹೇಳಿದ್ದು ನಾಳೆ ಯಾರಿಗೂ ನೆನಪಿರಲ್ಲ. ಬರೆದುಕೊಡಿ."

ಅವನು ನಿಂತಲ್ಲೇ ಬಗ್ಗಿ ಬರೆದ. ನಿಧಾನವಾಗಿ, ದಪ್ಪ ಅಕ್ಷರದಲ್ಲಿ. ಆದೇಶ ಮೀರಿ ಗಡಿಯ ಕಡೆಯಿಂದ ಕೆಲಸ ಶುರು ಮಾಡಿದೆ, ಪುಸ್ತಕದಲ್ಲಿ ಸುಳ್ಳು ಬರೆದೆ, ಅಪಘಾತದ ದಿನ ಕಲ್ಲಿನ ಮೇಲೆ 249 ಎಂದೇ ಇತ್ತು, ಅದನ್ನು 246 ಮಾಡಿದ್ದು ಮಾರನೆಯ ಬೆಳಿಗ್ಗೆ. ಕಾರಣ ಎಂಬಲ್ಲಿ "ನನ್ನ ಸ್ವಂತ ಅನುಕೂಲ" ಎಂದು ಬರೆದ. ಕೆಳಗೆ ಹಾಜರಿ ಪುಸ್ತಕದಲ್ಲಿದ್ದ ಪೂರ್ತಿ ಹೆಸರು ಬರೆದು ಸಹಿ ಹಾಕಿ ಅವಳ ಮುಂದೆ ಹಿಡಿದ.

ಅವಳು ಒಂದೊಂದೇ ಅಕ್ಷರ ಓದಿದಳು. ಓದಿ ಮುಗಿಸಿ ಹಾಳೆಯನ್ನು ಮತ್ತೆ ಅವನ ಕಡೆ ತಳ್ಳಿದಳು.

"ತಾರೀಕು ಹಾಕಿಲ್ಲ."

ಅವನು ಪೆನ್ನು ತೆಗೆದುಕೊಂಡ. ಇವತ್ತು ಎಷ್ಟು ಎಂದು ಅವಳನ್ನೇ ಕೇಳಿದ. ಅವಳು ಹೇಳಿದಳು. ಅವನು ಬರೆದ.